ಚೌತಿಗೆ ಎಲ್ಲರೂ ಸೇರಿದಾಗ ಬರೆದಿಡಿ ಕಿಡ್ನಿಯ ವಂಶಾವಳಿ

ಚೌತಿಗೆ ಶಿರಸಿ, ಕುಮಟಾ, ಕಾರವಾರದ ಮನೆಗಳು ತುಂಬಿರುತ್ತವೆ. ಬೆಂಗಳೂರು, ಮುಂಬೈಯಿಂದ ಬಂದವರೆಲ್ಲ ಒಂದೇ ಜಗಲಿಯಲ್ಲಿ ಸಿಗುತ್ತಾರೆ. ಮನೆಯಲ್ಲಿ ಯಾರಿಗಾದರೂ ಶುಗರ್ ಇದ್ದರೆ, ಪಂಚಕಜ್ಜಾಯ ಹಂಚಿದ ಮೇಲೆ, ಮನೆತನದಲ್ಲಿ ಯಾರ್ಯಾರ ಕಿಡ್ನಿ ಕೆಟ್ಟಿತ್ತು ಅಂತ ಬರೆದಿಡಲು ಅರ್ಧ ಗಂಟೆ ಕೊಡಿ.

ಶುಗರ್ ಇರುವ ಎಲ್ಲರ ಕಿಡ್ನಿಯೂ ಕೆಡುವುದಿಲ್ಲ. ಹತ್ತರಲ್ಲಿ ಮೂರು-ನಾಲ್ಕು ಜನರಿಗೆ ಕೆಡುತ್ತದೆ, ಅದೂ ಕೆಲವು ಮನೆತನಗಳಲ್ಲಿ ಜಾಸ್ತಿ. 1989ರಲ್ಲಿ ಅಮೆರಿಕದ ವೈದ್ಯರು ಶುಗರ್ ಇರುವ ಅಣ್ಣ-ತಮ್ಮ, ಅಕ್ಕ-ತಂಗಿಯರನ್ನು ಪರೀಕ್ಷಿಸಿದರು. ಒಬ್ಬರ ಕಿಡ್ನಿ ಕೆಟ್ಟಿದ್ದ ಮನೆಗಳಲ್ಲಿ ಉಳಿದ 29 ಮಂದಿಯಲ್ಲಿ 24 ಮಂದಿಗೂ ತೊಂದರೆ ಇತ್ತು. ಕೆಡದ ಮನೆಗಳಲ್ಲಿ 12 ಮಂದಿಯಲ್ಲಿ ಇಬ್ಬರಿಗೆ ಮಾತ್ರ. ಒಂದೇ ಅಡುಗೆಮನೆಯ ಊಟವೂ ಕಾರಣವಿರಬಹುದು, ಆದರೆ ಜೀನ್‌ಗಳ ಪಾಲೂ ಇದೆ.

ಮೊದಲು ಒಂದು ಹಾಳೆಯಲ್ಲಿ ಮೂರು ತಲೆಮಾರು ಬರೆಯಿರಿ. ತಂದೆಯ ಕಡೆ, ತಾಯಿಯ ಕಡೆ ಎರಡೂ ಬೇಕು. ರಕ್ತಸಂಬಂಧಿಗಳು ಮಾತ್ರ, ಹೆಂಡತಿಯ ತವರಿನ ಲೆಕ್ಕ ನಿಮ್ಮ ಮಕ್ಕಳ ಹಾಳೆಗೆ ಸೇರುತ್ತದೆ.

ಆಮೇಲೆ ಅಜ್ಜಿಯನ್ನು ಕೇಳಿ. "ಕಿಡ್ನಿ ರೋಗ ಇತ್ತಾ" ಅಂದರೆ "ಇಲ್ಲ" ಅಂತಲೇ ಉತ್ತರ ಬರುತ್ತದೆ. "ದೊಡ್ಡಪ್ಪನಿಗೆ ಕೊನೆಗೆ ಮುಖ, ಕಾಲು ಬಾತಿತ್ತಾ? ಡಯಾಲಿಸಿಸ್ ಮಾಡಿಸಿದ್ರಾ? ಬಿಪಿ ಮಾತ್ರೆ ಯಾವ ವಯಸ್ಸಿಗೆ ಶುರುವಾಯ್ತು?" ಅಂತ ಕೇಳಿ ನೋಡಿ, ಕಥೆಯೇ ಬಿಚ್ಚಿಕೊಳ್ಳುತ್ತದೆ. ಹೃದಯ, ಲಿವರ್ ಕೆಟ್ಟರೂ ಕಾಲು ಬಾಯುತ್ತದೆ. ಹಾಗಾಗಿ ಬರೀ ಬಾವು ಇದ್ದವರ ಹೆಸರಿನ ಮುಂದೆ ಪ್ರಶ್ನೆ ಚಿಹ್ನೆ ಹಾಕಿ.

ಜೀನ್ ಪರೀಕ್ಷೆಯನ್ನೇ ಮಾಡಿಸಿದರೆ ಆಗದಾ? ಸದ್ಯಕ್ಕೆ ದುಡ್ಡು ದಂಡ ಅನ್ನುವುದು ನನ್ನ ಅಭಿಪ್ರಾಯ. 2019ರಲ್ಲಿ ಟೈಪ್ 1 (ಮೈಯಲ್ಲಿ ಇನ್ಸುಲಿನ್ ತಯಾರಾಗದ, ಹೆಚ್ಚಾಗಿ ಚಿಕ್ಕ ವಯಸ್ಸಿಗೇ ಬರುವ) ಶುಗರ್ ಇರುವ 19 ಸಾವಿರಕ್ಕೂ ಹೆಚ್ಚು ಜನರ ಜೀನ್ ಜಾಲಾಡಿದ ಅಧ್ಯಯನದಲ್ಲಿ ಕಿಡ್ನಿ ಕೆಡುವುದರ ಜೊತೆ ನಂಟಿರುವ 16 ಜಾಗಗಳು ಹೊಸದಾಗಿ ಸಿಕ್ಕಿದವು. ಅವುಗಳಲ್ಲಿ ಒಂದು, ಕಿಡ್ನಿಯ ಸೋಸುವ ಪೊರೆಗೆ ಬೇಕಾದ ಕೊಲಾಜೆನ್ ತಯಾರಿಸುವ ಸಿಒಎಲ್4ಎ3 ಜೀನ್. ಅದರ ಒಂದು ಬದಲಾವಣೆ ಕಿಡ್ನಿಯನ್ನು ಕಾಪಾಡುವಂತೆ ಕಂಡಿತು. ಆದರೆ ಅಧ್ಯಯನದಲ್ಲಿದ್ದವರೆಲ್ಲ ಯುರೋಪ್ ಮೂಲದವರು. ಮೇಲಾಗಿ ಇಂಥ ಒಂದೊಂದು ಬದಲಾವಣೆಯ ಪ್ರಭಾವವೂ ಚಿಕ್ಕದು.

ಮಾಡಿಸಬೇಕಾದದ್ದು ಮೂತ್ರದ ಎಸಿಆರ್ (ಅಲ್ಬುಮಿನ್ ಅನ್ನುವ ಪ್ರೋಟೀನ್ ಎಷ್ಟು ಸೋರುತ್ತಿದೆ ಅಂತ ತೋರಿಸುವ ಪರೀಕ್ಷೆ) ಮತ್ತು ರಕ್ತದ ಕ್ರಿಯೇಟಿನಿನ್ (ಕಿಡ್ನಿ ಸೋಸಿ ಹೊರಹಾಕಬೇಕಾದ ಕಸ). ದೊಡ್ಡವರಲ್ಲಿ ಸಾಮಾನ್ಯವಾದ ಟೈಪ್ 2 ಇದ್ದರೆ ಶುಗರ್ ಗೊತ್ತಾದ ವರ್ಷದಿಂದಲೇ, ಟೈಪ್ 1 ಆದರೆ ಐದು ವರ್ಷದ ನಂತರ, ವರ್ಷಕ್ಕೊಮ್ಮೆ. ಬೆಳಗಿನ ಮೊದಲ ಮೂತ್ರ ಕೊಡಿ. ಜ್ವರ ಇದ್ದಾಗ ಬೇಡ. ಹಿಂದಿನ ದಿನ ಅಡಿಕೆ ಕೊನೆಕೊಯ್ಲಿನಲ್ಲಿ ಮೈಮುರಿದು ದುಡಿದಿದ್ದರೂ ಬೇಡ, ಸುಮ್ನೆ ಸಂಖ್ಯೆ ಏರಿ ಹೆದರಿಸುತ್ತದೆ. ಎಸಿಆರ್ 30ರೊಳಗೆ (ರಿಪೋರ್ಟಿನಲ್ಲಿ mg/g ಅಂತ ಇರುತ್ತದೆ) ಇದ್ದರೆ ಸರಿ. ದಾಟಿದರೆ ಮೂರರಿಂದ ಆರು ತಿಂಗಳೊಳಗೆ ಮತ್ತೆರಡು ಸಲ ಮಾಡಿಸಿ. ಮೂರರಲ್ಲಿ ಎರಡು ಸಲ ದಾಟಿದರೆ ಮಾತ್ರ ನಿಜ ಅಂತ ಲೆಕ್ಕ. ಕ್ರಿಯೇಟಿನಿನ್‌ನಿಂದ ಲೆಕ್ಕ ಹಾಕುವ ಇಜಿಎಫ್‌ಆರ್ (ಕಿಡ್ನಿ ಎಷ್ಟು ಚೆನ್ನಾಗಿ ಸೋಸುತ್ತಿದೆ ಅನ್ನುವ ಅಳತೆ) 60ಕ್ಕಿಂತ ಇಳಿದು ಮೂರು ತಿಂಗಳು ಹಾಗೇ ಇದ್ದರೂ ಕಿಡ್ನಿ ರೋಗವೇ.

ರಿಪೋರ್ಟಿನ ಜೊತೆ ಆ ಹಾಳೆಯನ್ನೂ ಡಾಕ್ಟರಿಗೆ ತೋರಿಸಿ. ಬಿಪಿ 130/80ರೊಳಗೆ ಇಡಲು, ಕಿಡ್ನಿಗೆ ಒತ್ತಡ ತಗ್ಗಿಸಲು ಮಾತ್ರೆಗಳಿವೆ. ಉಪ್ಪು ದಿನಕ್ಕೆ 5 ಗ್ರಾಮಿನೊಳಗೆ, ಅಂದರೆ ಒಂದು ಟೀ ಚಮಚೆಗಿಂತ ಕಡಿಮೆ. ಅಪ್ಪೆಮಿಡಿ ಉಪ್ಪಿನಕಾಯಿ, ಒಣಮೀನು ಎರಡೂ ಆ ಲೆಕ್ಕದಲ್ಲೇ ಬರುತ್ತವೆ. ಸಾಣಿಕಟ್ಟಾದ ಉಪ್ಪಿಗೂ ವಿನಾಯಿತಿ ಇಲ್ಲ. ಇನ್ನು ಮಂಡಿನೋವಿಗೆ ಅಂಗಡಿಯಿಂದ ತಂದು ನುಂಗುವ ನೋವಿನ ಮಾತ್ರೆಗಳ ಖಾಲಿ ಸ್ಟ್ರಿಪ್ಪನ್ನೂ ಡಾಕ್ಟರ್ ಹತ್ತಿರ ಒಯ್ಯಿರಿ, ಅವುಗಳಲ್ಲಿ ಕೆಲವು ಕಿಡ್ನಿಗೆ ಪೆಟ್ಟು ಕೊಡುತ್ತವೆ.