ಹೆದ್ದಾರಿ ಕಾಮಗಾರಿಯ ಸ್ಥಳದಲ್ಲಿ ಗಾಳಿಯ ಗುಣಮಟ್ಟ ಅಳೆಯುವುದು ಹೇಗೆ?

ಹೆದ್ದಾರಿ ನಿರ್ಮಾಣದ ಸ್ಥಳದಲ್ಲಿ ಗಾಳಿಯನ್ನು ಅಳೆಯುವ ಯಂತ್ರ ಇಟ್ಟಿರುವುದು ಬೇರೆ, ಅದು ಕೊಟ್ಟ ಅಂಕಿಯಿಂದ ಕೆಲಸದ ರೀತಿ ಬದಲಾಗುವುದು ಬೇರೆ. ತಿಂಗಳ ಕೊನೆಗೊಂದು ಸರಾಸರಿ ವರದಿ ಕಡತ ಸೇರುವುದಷ್ಟೇ ಅಳತೆಯ ಫಲವಾದರೆ, ಆ ಹೊತ್ತಿಗೆ ಧೂಳು ಅಕ್ಕಪಕ್ಕದವರ ಶ್ವಾಸಕೋಶ ಸೇರಿಯಾಗಿರುತ್ತದೆ. ಇವತ್ತಿನ ಧೂಳನ್ನು ಇವತ್ತೇ ತಡೆಯಲು ನೆರವಾಗುವಂತೆ ಅಳತೆಯ ವ್ಯವಸ್ಥೆಯನ್ನು ರೂಪಿಸುವ ಕ್ರಮ ಹೀಗಿದೆ.

ಮೊದಲು, ಅಳೆಯಬೇಕಾದದ್ದು ಏನು ಎಂಬುದನ್ನು ಗೊತ್ತುಮಾಡಿಕೊಳ್ಳಿ

ಮಣ್ಣು ಅಗೆಯುವಾಗ, ಬಂಡೆ ಒಡೆಯುವಾಗ, ಜಲ್ಲಿ ಸುರಿಯುವಾಗ, ಕಚ್ಚಾ ದಾರಿಯಲ್ಲಿ ಟಿಪ್ಪರ್‌ಗಳು ಓಡಾಡುವಾಗ ಏಳುವುದು ಹೆಚ್ಚಾಗಿ ದಪ್ಪ ಕಣಗಳ ಧೂಳು. ಇದರಲ್ಲಿ 10 ಮೈಕ್ರೋಮೀಟರ್‌ ಮತ್ತು ಅದಕ್ಕಿಂತ ಕಡಿಮೆ ವ್ಯಾಸದ ಕಣಗಳನ್ನು ಪಿಎಂ 10 ಎಂದು ಲೆಕ್ಕ ಹಾಕುತ್ತಾರೆ. ಡೀಸೆಲ್ ಹೊಗೆಯ ಕಣಗಳು ಇನ್ನೂ ಸಣ್ಣವಾದ್ದರಿಂದ ಪಿಎಂ 2.5ರ, ಅಂದರೆ 2.5 ಮೈಕ್ರೋಮೀಟರ್‌ ಮತ್ತು ಅದಕ್ಕಿಂತ ಕಡಿಮೆ ವ್ಯಾಸದ ಕಣಗಳ ಲೆಕ್ಕಕ್ಕೂ ಸೇರುತ್ತವೆ. ಅದೇ ಹೊಗೆಯಿಂದ ನೈಟ್ರೋಜನ್ ಡೈಆಕ್ಸೈಡ್ ಕೂಡ ಬರುತ್ತದೆ. ಬಂಡೆಯನ್ನೋ ಕಾಂಕ್ರೀಟನ್ನೋ ಕತ್ತರಿಸುವ ಕಡೆ ಸಿಲಿಕಾ ಧೂಳಿನ ಪ್ರಶ್ನೆ ಬರುತ್ತದೆ. ಇದನ್ನು ಸ್ಥಳದ ಅಂಚಿನಲ್ಲಿಟ್ಟ ಯಂತ್ರದಿಂದ ಅಳೆದರೆ ಸಾಲದು. ಕಾರ್ಮಿಕರ ಸೊಂಟಕ್ಕೆ ಪುಟ್ಟ ಪಂಪು, ಅಂಗಿಯ ಕಾಲರಿಗೆ ಅದರ ಶೋಧಕ ಸಿಕ್ಕಿಸಿ, ಅವರು ನಿಜವಾಗಿ ಉಸಿರಾಡುವ ಗಾಳಿಯನ್ನೇ ಪರೀಕ್ಷಿಸಬೇಕು. ಉಸಿರಿನೊಂದಿಗೆ ಒಳಹೋಗುವ ಸ್ಫಟಿಕ ರೂಪದ ಸಿಲಿಕಾವನ್ನು ಮಾನವರಲ್ಲಿ ಕ್ಯಾನ್ಸರ್ ಉಂಟುಮಾಡುವ ವಸ್ತುಗಳ ಪಟ್ಟಿಗೆ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಸೇರಿಸಿದೆ. 2012ರಲ್ಲಿ ಡೀಸೆಲ್ ಹೊಗೆಯೂ ಅದೇ ಪಟ್ಟಿಗೆ ಸೇರಿತು.

ಕೆಲಸ ಆರಂಭವಾಗುವ ಮುನ್ನವೇ ಅಳತೆ ಶುರುವಾಗಲಿ

ಕಾಮಗಾರಿಗೆ ಮುಂಚಿನ ಗಾಳಿ ಹೇಗಿತ್ತು ಎಂಬುದು ಗೊತ್ತಿಲ್ಲದಿದ್ದರೆ, ಮುಂದೆ ದೂರು ಬಂದಾಗ ಧೂಳು ಯಾರದ್ದು ಎಂಬ ವಾದ ಬಗೆಹರಿಯುವುದೇ ಇಲ್ಲ. 24 ಗಂಟೆಗಳ ಸರಾಸರಿಯಾಗಿ ಪಿಎಂ 10ಕ್ಕೆ ಘನ ಮೀಟರಿಗೆ 45 ಮೈಕ್ರೋಗ್ರಾಂ, ಪಿಎಂ 2.5ಕ್ಕೆ 15 ಮೈಕ್ರೋಗ್ರಾಂ ಎಂಬ ಮಾರ್ಗಸೂಚಿ ಮಟ್ಟವನ್ನು ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ನಿಗದಿಪಡಿಸಿತು. ಎಷ್ಟೋ ಕಡೆ ಒಂದು ಗುದ್ದಲಿ ಮಣ್ಣು ಅಗೆಯುವ ಮೊದಲೇ ಗಾಳಿ ಈ ಮಟ್ಟವನ್ನು ದಾಟಿರುತ್ತದೆ. ಒಣ ಹವೆಯ ದಿನಗಳೂ ಮಳೆಯ ದಿನಗಳೂ ಈ ಪೂರ್ವ ಅಳತೆಯಲ್ಲಿ ಸೇರಿರಬೇಕು. ಮಳೆಗಾಲದಲ್ಲಷ್ಟೇ ಅಳೆದ ಅಂಕಿಯನ್ನು ಬೇಸಿಗೆಯ ಧೂಳಿನ ಪಕ್ಕದಲ್ಲಿಟ್ಟು ನೋಡುವುದು ಗುತ್ತಿಗೆದಾರರಿಗೂ ನ್ಯಾಯವಲ್ಲ.

ಯಂತ್ರ ಎಲ್ಲಿಡಬೇಕು?

ಹೆದ್ದಾರಿ ಕಾಮಗಾರಿ ಒಂದೇ ಕಡೆ ನಿಲ್ಲುವುದಿಲ್ಲ. ಕೆಲಸ ಮುಂದೆ ಸಾಗಿದಂತೆ ಧೂಳಿನ ಜಾಗವೂ ಸಾಗುತ್ತದೆ. ಆದ್ದರಿಂದ ಶಾಲೆ, ಆಸ್ಪತ್ರೆ, ದಾರಿಗೆ ಅಂಟಿಕೊಂಡ ಮನೆಗಳ ಬಳಿ ಸ್ಥಿರ ಮಾಪಕಗಳನ್ನು ಇಟ್ಟು, ಅವುಗಳ ಜೊತೆಗೆ ಕೆಲಸದೊಂದಿಗೇ ಮುಂದಕ್ಕೆ ಒಯ್ಯಬಹುದಾದ ಮಾಪಕಗಳನ್ನೂ ಇಟ್ಟುಕೊಳ್ಳಬೇಕು. ಕನಿಷ್ಠ ಎರಡು ಯಂತ್ರಗಳು ಏಕಕಾಲಕ್ಕೆ ನಡೆಯುತ್ತಿರಬೇಕು: ಒಂದು, ಗಾಳಿ ಸ್ಥಳದೊಳಕ್ಕೆ ಬೀಸಿಬರುವ ಕಡೆ, ಇನ್ನೊಂದು, ಸ್ಥಳವನ್ನು ದಾಟಿ ಹೊರಹೋಗುವ ಕಡೆ. ಇವೆರಡರ ನಡುವಿನ ವ್ಯತ್ಯಾಸವೇ ಕಾಮಗಾರಿಯ ಪಾಲು. ಗಾಳಿಯ ದಿಕ್ಕು, ವೇಗಗಳನ್ನು ದಾಖಲಿಸುವ ಉಪಕರಣವಿಲ್ಲದೆ ಈ ಲೆಕ್ಕ ಸಾಧ್ಯವೇ ಇಲ್ಲ.

ಯಂತ್ರ ಗಾಳಿ ಎಳೆದುಕೊಳ್ಳುವ ಬಾಯಿ ನೆಲದಿಂದ ಒಂದೂವರೆಯಿಂದ ನಾಲ್ಕು ಮೀಟರ್ ಎತ್ತರದಲ್ಲಿದ್ದು, ಸುತ್ತ ಮರ, ಗೋಡೆಗಳ ಅಡ್ಡಿ ಇರಬಾರದು. ವಿದ್ಯುತ್ ಸಂಪರ್ಕ ಸುಲಭವಾಗಿ ಸಿಗುತ್ತದೆಂಬ ಕಾರಣಕ್ಕೆ ಯಂತ್ರವನ್ನು ಸೈಟ್ ಕಚೇರಿಯ ಹಿಂದಿನ ಗೋಡೆಗೆ ಒರಗಿಸಿಡುವ ಅಭ್ಯಾಸವೊಂದುಂಟು. ಆಗ ಅಳತೆಗೆ ಸಿಗುವುದು ಹೆದ್ದಾರಿಯ ಧೂಳಲ್ಲ, ಕಚೇರಿಯ ಜನರೇಟರಿನ ಹೊಗೆ.

ತೂಕದ ವಿಧಾನ, ಬೆಳಕಿನ ವಿಧಾನ

ಹೆಚ್ಚು ನಂಬಿಕೆಗೆ ಅರ್ಹವಾದದ್ದು ತೂಕದ ವಿಧಾನ. ಶೋಧಕ ಹಾಳೆಯನ್ನು ನಿಗದಿತ ಉಷ್ಣತೆ, ತೇವಾಂಶಗಳಲ್ಲಿ ಇರಿಸಿ ತೂಗಿ, ಯಂತ್ರದಲ್ಲಿಟ್ಟು ಒಂದು ದಿನ ಗಾಳಿ ಹಾಯಿಸಿ, ಮತ್ತೆ ಅದೇ ಸ್ಥಿತಿಯಲ್ಲಿ ತೂಗುತ್ತಾರೆ. ನಿಮಿಷಕ್ಕೆ 16.7 ಲೀಟರ್ ಗಾಳಿ ಎಳೆಯುವ ಯಂತ್ರದ ಮೂಲಕ ಗಂಟೆಗೆ ಒಂದು ಘನ ಮೀಟರ್, ದಿನಕ್ಕೆ 24 ಘನ ಮೀಟರ್ ಗಾಳಿ ಹಾದುಹೋಗುತ್ತದೆ. ಹಾಳೆಯ ತೂಕ 2.4 ಮಿಲಿಗ್ರಾಂ ಹೆಚ್ಚಿದ್ದರೆ ಆ ದಿನದ ಸರಾಸರಿ ಘನ ಮೀಟರಿಗೆ 100 ಮೈಕ್ರೋಗ್ರಾಂ ಎಂದಾಯಿತು. ಇಷ್ಟು ಚಿಕ್ಕ ತೂಕದ ಲೆಕ್ಕವಾದ್ದರಿಂದ, ಬೆರಳು ತಾಕಿದ ಹಾಳೆಯಾಗಲಿ, ಅಂಚು ಹರಿದ ಹಾಳೆಯಾಗಲಿ ಫಲಿತಾಂಶಕ್ಕೆ ಯೋಗ್ಯವಲ್ಲ. ಅದನ್ನು ಚಿಮಟದಲ್ಲೇ ಹಿಡಿಯಬೇಕು. ಗಾಳಿಯ ಹರಿವು ಸರಿಯಾಗಿದೆಯೇ ಎಂಬುದನ್ನೂ ಆಗಾಗ ಪರೀಕ್ಷಿಸಬೇಕು.

ಈ ವಿಧಾನದ ಕೊರತೆಯೆಂದರೆ ಉತ್ತರ ತಡವಾಗಿ ಬರುತ್ತದೆ. ಕಣಗಳು ಬೆಳಕನ್ನು ಚದುರಿಸುವ ಪ್ರಮಾಣದಿಂದ ಲೆಕ್ಕ ಹಾಕುವ ಮಾಪಕಗಳು ನಿಮಿಷ ನಿಮಿಷಕ್ಕೂ ಅಂಕಿ ಕೊಡುತ್ತವೆ, ಆದರೆ ಮಂಜಿನ ಹನಿಯನ್ನೂ ಧೂಳೆಂದು ಎಣಿಸಿಬಿಡುತ್ತವೆ. ಒಳಬರುವ ಗಾಳಿಯನ್ನು ಬಿಸಿಮಾಡುವ ವ್ಯವಸ್ಥೆಯಿರುವ ಮಾಪಕಗಳು ಮೇಲು. ಅವನ್ನು ತೂಕದ ಯಂತ್ರದ ಪಕ್ಕದಲ್ಲೇ ಕೆಲವು ದಿನ ಓಡಿಸಿ, ಎರಡರ ಅಂಕಿಗಳನ್ನು ಹೋಲಿಸಿ, ತಿದ್ದುಪಡಿಯ ಪ್ರಮಾಣ ಕಂಡುಕೊಂಡ ಮೇಲಷ್ಟೇ ಬಳಸಬೇಕು. ಅಗ್ಗದ ಸೆನ್ಸರ್‌ಗಳಿಗೆ ಈ ಮಾತು ಇನ್ನಷ್ಟು ಅನ್ವಯಿಸುತ್ತದೆ.

ಯಾವ ಅಂಕಿಗೆ ಯಾವ ಕ್ರಮ?

ಇದನ್ನು ಮೊದಲೇ ಬರೆದಿಡದಿದ್ದರೆ ಯಂತ್ರ ಎಚ್ಚರಿಸಿದರೂ ಯಾರೂ ಏಳುವುದಿಲ್ಲ. ಮಾಲಿನ್ಯಕ್ಕೊಳಗಾದ ನಿವೇಶನಗಳ ಶುದ್ಧೀಕರಣ ಕಾಮಗಾರಿಗಳಿಗೆ ನ್ಯೂಯಾರ್ಕ್ ರಾಜ್ಯ ರೂಪಿಸಿರುವ ಮಾದರಿ ಇಲ್ಲಿಯೂ ಉಪಯುಕ್ತ. ಅದರ ಪ್ರಕಾರ, ಗಾಳಿ ಹೊರಹೋಗುವ ಕಡೆಯ ಪಿಎಂ 10 ಒಳಬರುವ ಕಡೆಗಿಂತ 15 ನಿಮಿಷಗಳ ಸರಾಸರಿಯಲ್ಲಿ 100 ಮೈಕ್ರೋಗ್ರಾಂ ಹೆಚ್ಚಾದರೆ ಧೂಳು ತಡೆಯುವ ಕ್ರಮ ಕೈಗೊಳ್ಳಬೇಕು. ಆ ಬಳಿಕವೂ ವ್ಯತ್ಯಾಸ 150 ಮೀರಿದರೆ ಕೆಲಸ ನಿಲ್ಲಿಸಿ ಕ್ರಮವನ್ನು ಮರುಪರಿಶೀಲಿಸಬೇಕು. ಎಚ್ಚರಿಕೆಯ ಸಂದೇಶ ಪರಿಸರ ವಿಭಾಗದ ಮೇಜಿಗಲ್ಲ, ಟಿಪ್ಪರ್ ನಿಲ್ಲಿಸುವ ಅಧಿಕಾರವಿರುವ ಮೇಲ್ವಿಚಾರಕರ ಮೊಬೈಲಿಗೆ ನೇರವಾಗಿ ಹೋಗಬೇಕು.

ಅಂಕಿಯನ್ನು ಓದುವ ಬಗೆ

ಕಾಮಗಾರಿಯ ನಿತ್ಯದ ದಾಖಲೆ ಪುಸ್ತಕ ಈ ಕೆಲಸಕ್ಕೆ ಮಾಪಕದಷ್ಟೇ ಮುಖ್ಯ. ಅದಿಲ್ಲದ ಅಂಕಿ ನನ್ನ ದೃಷ್ಟಿಯಲ್ಲಿ ಅರ್ಧ ಅಂಕಿ. ಬೆಳಿಗ್ಗೆ 11ಕ್ಕೆ ಪಿಎಂ 10 ಏಕಾಏಕಿ ಏರಿದೆ, ಪಿಎಂ 2.5 ಅಷ್ಟಾಗಿ ಕದಲಿಲ್ಲ, ಗಾಳಿ ಕೆಲಸದ ಕಡೆಯಿಂದ ಮಾಪಕದತ್ತ ಬೀಸುತ್ತಿದೆ, ಪುಸ್ತಕದಲ್ಲಿ ಅದೇ ಹೊತ್ತಿಗೆ ಮಣ್ಣು ಸಾಗಣೆ ಎಂದು ಬರೆದಿದೆ ಎಂದಿಟ್ಟುಕೊಳ್ಳಿ. ಇದು ಕಚ್ಚಾ ದಾರಿಯ ಧೂಳು ಎಂದು ಬಹುಮಟ್ಟಿಗೆ ಹೇಳಬಹುದು; ವಾಹನಗಳ ವೇಗ ತಗ್ಗಿಸಿ, ನೀರು ಚಿಮುಕಿಸಬೇಕು. ಪಿಎಂ 10, ಪಿಎಂ 2.5 ಎರಡೂ ಹೆಚ್ಚುಕಡಿಮೆ ಒಂದೇ ಪ್ರಮಾಣದಲ್ಲಿ ಏರಿದ್ದರೆ ಹೊಗೆಯನ್ನು ಹುಡುಕಬೇಕು: ಸುಮ್ಮನೆ ನಿಂತು ಓಡುತ್ತಿರುವ ಎಂಜಿನ್, ಹತ್ತಿರದಲ್ಲೆಲ್ಲೋ ಸುಡುತ್ತಿರುವ ಕಸ. ಒಳಬರುವ ಕಡೆಯ ಯಂತ್ರದಲ್ಲೂ ಅಷ್ಟೇ ಏರಿಕೆ ಕಂಡಿದ್ದರೆ ಮೂಲ ಹೊರಗಿನದು.

ನೀರಿನ ವಿಷಯದಲ್ಲಿ ಒಂದು ಎಚ್ಚರಿಕೆ. ದಾರಿ ಕೆಸರಾಗುವಷ್ಟು ಸುರಿದರೆ ಆ ಕೆಸರು ಟಿಪ್ಪರಿನ ಚಕ್ರಕ್ಕೆ ಮೆತ್ತಿಕೊಂಡು ಸಾರ್ವಜನಿಕ ರಸ್ತೆಗೆ ಬಂದು, ಅಲ್ಲಿ ಒಣಗಿ, ಪ್ರತಿ ವಾಹನದ ಹಿಂದೆಯೂ ಧೂಳಾಗಿ ಏಳುತ್ತದೆ. ಸ್ಥಳದೊಳಗಿನ ಮಾಪಕ ಇದನ್ನು ತೋರಿಸುವುದಿಲ್ಲ. ಹೊರದಾರಿಯಲ್ಲಿ ಚಕ್ರ ತೊಳೆಯುವ ವ್ಯವಸ್ಥೆ ಇರಬೇಕು, ಮುಖ್ಯ ರಸ್ತೆ ಸೇರುವಲ್ಲಿಯೂ ಒಂದು ಮಾಪಕ ಇರಬೇಕು.

ಡಾಂಬರು ಹಾಕುವ ಹಂತಕ್ಕೆ ಬಂದಾಗ ಮಣ್ಣಿನ ಧೂಳು ತಗ್ಗಿ, ಬಿಸಿ ಡಾಂಬರಿನ ಆವಿ ಮತ್ತು ಮಿಶ್ರಣ ಘಟಕದ ಹೊಗೆ ಮುಂದೆ ಬರುತ್ತವೆ. ಆಗ ಪಿಎಂ 10 ಇಳಿದಿದೆಯೆಂದು ಮಾಪಕಗಳನ್ನು ಕಟ್ಟಿಡದೆ, ಆವಿರೂಪದ ಸಾವಯವ ಸಂಯುಕ್ತಗಳನ್ನು ಅಳೆಯುವ ಉಪಕರಣವನ್ನು ಸೇರಿಸಿಕೊಳ್ಳಬೇಕು. ಕ್ರಷರ್‌ಗಳೂ ಮಣ್ಣಿನ ರಾಶಿಗಳೂ ತೆರವಾಗಿ, ಇಕ್ಕೆಲದ ಬೋಳು ಇಳಿಜಾರುಗಳಲ್ಲಿ ಹುಲ್ಲು ಹಿಡಿದು, ಪೂರ್ವ ಅಳತೆಯ ಮಟ್ಟಕ್ಕೆ ಅಂಕಿಗಳು ಮರಳಿದ ಬಳಿಕ ಯಂತ್ರಗಳನ್ನು ತೆಗೆಯಬಹುದು.