ಯುಕೆಗೆ ಬಂದಿದ್ದೀರಾ? ಮನೆ ಬದಲಾಯಿಸಿದ ವಾರವೇ ವೋಟರ್ ಲಿಸ್ಟ್ ಸರಿ ಮಾಡ್ಕೊಳ್ಳಿ

ಈಚೆಗೆ ಬೆಂಗಳೂರು, ಹುಬ್ಬಳ್ಳಿ ಕಡೆಯಿಂದ ನಮ್ಮ ಏರಿಯಾಗೆ ಬಂದ ನಾಲ್ಕೈದು ಮನೆಯೋರ ಹತ್ರ ಮಾತಾಡ್ದೆ, ಎಲ್ಲರದ್ದೂ ಒಂದೇ ಮಾತು, "ನಾವು ವೀಸಾ ಮೇಲಿರೋರು, ನಮಗೆಲ್ಲಿ ವೋಟು?" ಇದೆ ಕಣ್ರೀ. ಭಾರತ ಕಾಮನ್‌ವೆಲ್ತ್ ದೇಶ ಆಗಿರೋದ್ರಿಂದ ಇಂಡಿಯನ್ ಪಾಸ್‌ಪೋರ್ಟ್ ಇದ್ದು, ಸ್ಟೂಡೆಂಟ್, ವರ್ಕ್, ಡಿಪೆಂಡೆಂಟ್ ಯಾವ ವೀಸಾದಲ್ಲಿ ಇಲ್ಲಿ ವಾಸ ಇದ್ರೂ 18 ತುಂಬಿದ್ರೆ ಪಾರ್ಲಿಮೆಂಟ್ ಚುನಾವಣೆಗೂ ವೋಟ್ ಹಾಕ್ಬೋದು. ಪಕ್ಕದ ಮನೆ ಇಟಲಿಯವರಿಗೆ ಈ ಹಕ್ಕಿಲ್ಲ. ವೀಸಾದಲ್ಲಿ 'ನೋ ರಿಕೋರ್ಸ್ ಟು ಪಬ್ಲಿಕ್ ಫಂಡ್ಸ್' ಅಂತಿದೆ, ವೋಟ್ ಹಾಕಿದ್ರೆ ಮುಂದೆ ಐಎಲ್‌ಆರ್‌ಗೆ (ಇಲ್ಲೇ ಕಾಯಂ ಇರೋ ಅನುಮತಿಗೆ) ತೊಂದ್ರೆ ಅಂತ ಕೆಲವರು ಹೆದರಿಸ್ತಾರೆ, ನಂಬ್ಬೇಡಿ, ಅದು ಸರ್ಕಾರಿ ಭತ್ಯೆಗಳಿಗೆ ಸಂಬಂಧಪಟ್ಟಿದ್ದು, ವೋಟಿಗಲ್ಲ.

ಈಗ ನನಗೆ ಪೆಟ್ಟು ಕೊಟ್ಟ ವಿಷಯಕ್ಕೆ ಬರ್ತೀನಿ. 2024ರ ಏಪ್ರಿಲ್‌ನಲ್ಲಿ ರೆಡಿಂಗ್‌ನಿಂದ ಲೀಡ್ಸ್‌ಗೆ ಮನೆ ಬದಲಾಯಿಸಿದ್ವಿ. ಕೌನ್ಸಿಲ್ ಟ್ಯಾಕ್ಸ್ (ಸ್ಥಳೀಯ ಆಡಳಿತದ ಮನೆ ತೆರಿಗೆ), ಜಿಪಿ (ನಮ್ಮ ಏರಿಯಾ ಡಾಕ್ಟರ್), ಕರೆಂಟು ಎಲ್ಲ ಹೊಸ ವಿಳಾಸಕ್ಕೆ ಮಾಡಿಸ್ದೆ, ವೋಟರ್ ಲಿಸ್ಟಲ್ಲಿ ಹೆಸರು ಇದ್ದೇ ಇದೆಯಲ್ಲ ಅಂತ ಅದನ್ನ ಮುಟ್ಟಲೇ ಇಲ್ಲ. ಮೇ 22ಕ್ಕೆ ಆಗಿನ ಪ್ರಧಾನಿ ಸುನಕ್ ಮಳೇಲಿ ನಿಂತು ಚುನಾವಣೆ ಘೋಷಿಸಿದ್ರು, ಜುಲೈ 4ಕ್ಕೆ ವೋಟಿಂಗ್. ಅವತ್ತು ಬೆಳಿಗ್ಗೆ ಏಳೂವರೆಗೆ ಮನೆ ಹತ್ರದ ಚರ್ಚ್ ಹಾಲಿಗೆ ಹೋದೆ. ಅಲ್ಲಿ ಕೂತಿದ್ದ ಅಮ್ಮ ಪಟ್ಟಿ ಮೇಲೆ ಸ್ಕೇಲ್ ಇಟ್ಕೊಂಡು ನಮ್ಮ ರಸ್ತೆಯ ಹೆಸರುಗಳನ್ನ ಎರಡು ಸಲ ಓದಿದ್ರು, ಮೂರನೇ ಸಲ ನನ್ನ ಕಡೆಗೇ ತಿರುಗಿಸಿ ತೋರಿಸಿದ್ರು, ನಮ್ಮ ಮನೆ ನಂಬರ್ ಮುಂದೆ ಹಳೇ ಬಾಡಿಗೆದಾರರ ಹೆಸರಿತ್ತು. ನನ್ನ ಹೆಸರು ಇನ್ನೂ ರೆಡಿಂಗ್‌ನಲ್ಲೇ. ಇಲ್ಲಿ ವೋಟಿಂಗ್ ದಿನ ಹೆಸರು ಸೇರಿಸೋಕೆ ಆಗಲ್ಲ, ಕೊನೇ ದಿನ ಜೂನ್ 18ಕ್ಕೇ ಮುಗಿದಿತ್ತು. ಅಷ್ಟು ದೂರ ಹೋಗಿ ಬರೋಕೆ ಆಗದೆ ವೋಟು ಹೋಯ್ತು.

ಅಲ್ಲಿಗೇ ನಿಲ್ಲಲಿಲ್ಲ. ಎರಡು ತಿಂಗಳಾದ ಮೇಲೆ ಕಾರಿಗೆ ಲೋನ್ ಕೇಳಿದ್ರೆ ವಿಳಾಸ ತಾಳೆ ಆಗ್ತಿಲ್ಲ ಅಂತ ವಾಪಸ್ ಬಂತು. ಸಾಲ ಕೊಡೋರು ನೀವು ಹೇಳಿದ ಮನೇಲೇ ಇದ್ದೀರಾ ಅಂತ ನೋಡೋಕೆ ಇದೇ ಎಲೆಕ್ಟೋರಲ್ ರಿಜಿಸ್ಟರ್, ಅಂದ್ರೆ ವೋಟರ್ ಲಿಸ್ಟ್, ತಗೀತಾರೆ. ಅರ್ಜೆಂಟಿದ್ದಿದ್ದಕ್ಕೆ ಬೇರೆ ಕಡೆ ಜಾಸ್ತಿ ಬಡ್ಡಿಗೆ ತಗೊಂಡೆ, ಇನ್ನೂ ಕಟ್ತಾ ಇದ್ದೀನಿ. ಆದ್ದರಿಂದ ಕೀ ಕೈಗೆ ಬಂದ ವಾರವೇ ಸರ್ಕಾರದ ವೆಬ್‌ಸೈಟ್ ಗವ್ ಡಾಟ್ ಯುಕೆಗೆ ಹೋಗಿ ಹೊಸದಾಗಿ ರಿಜಿಸ್ಟರ್ ಆಗಿ, ನ್ಯಾಷನಲ್ ಇನ್ಶೂರೆನ್ಸ್ ನಂಬರ್ (ಕೆಲಸ, ತೆರಿಗೆಗೆ ಸರ್ಕಾರ ಕೊಡೋ ನಂಬರ್) ಕೈಲಿದ್ರೆ ಐದು ನಿಮಿಷದ ಕೆಲಸ. 'ದಿ ಆಕ್ಯುಪೈಯರ್' (ಈ ಮನೇಲಿರೋರಿಗೆ) ಅಂತ ಕೌನ್ಸಿಲ್‌ನಿಂದ ಬರೋ ಲೆಟರನ್ನ ಪಿಜ್ಜಾ ಪಾಂಪ್ಲೆಟ್ ಜೊತೆ ಎಸೀಬೇಡಿ, ರಿಜಿಸ್ಟರ್ ಆಗಿ ಅಂತ ಹೇಳಿದ ಮೇಲೂ ಸುಮ್ಮನಿದ್ರೆ 80 ಪೌಂಡ್ ದಂಡ ಹಾಕೋ ಅಧಿಕಾರ ಅವರಿಗಿದೆ.

ಈ ವಿಷಯದಲ್ಲಿ ನಮ್ಮೂರ ಪದ್ಧತಿನೇ ಒಳ್ಳೇದು ಅನ್ಸುತ್ತೆ, ವೋಟರ್ ಲಿಸ್ಟ್ ನೋಡ್ಕೊಳ್ಳೋ ಬಿಎಲ್‌ಓ (ಬೂತ್ ಮಟ್ಟದ ಅಧಿಕಾರಿ) ಮನೆಗೇ ಬರ್ತಾರೆ, ವೋಟಿಂಗ್ ದಿನ ಸಂಬಳದ ರಜೆ ಬೇರೆ. ಇಲ್ಲಿ ಸಾಮಾನ್ಯವಾಗಿ ಗುರುವಾರ, ರಜೆ ಇಲ್ಲ, ಆದ್ರೆ ಬೆಳಿಗ್ಗೆ 7ರಿಂದ ರಾತ್ರಿ 10ರವರೆಗೆ ಬಾಗಿಲು ತೆಗೆದಿರುತ್ತೆ. ಎಣಿಕೆ ಮಾತ್ರ ಇವರದ್ದೇ ಮೇಲು, ಪೇಪರ್ ಬ್ಯಾಲೆಟ್ಟನ್ನ ರಾತ್ರಿಯೆಲ್ಲಾ ಕೈಯಲ್ಲೇ ಎಣಿಸಿ ಬೆಳಗಾಗೋ ಹೊತ್ತಿಗೆ ಯಾರು ಗೆದ್ರು ಅಂತ ಹೇಳಿಬಿಡ್ತಾರೆ. ಸೀಟಿನ ಲೆಕ್ಕ ನಮ್ಮ ಥರಾನೇ, ಒಂದು ಕ್ಷೇತ್ರದಲ್ಲಿ ಎಲ್ಲರಿಗಿಂತ ಹೆಚ್ಚು ವೋಟು ಬಂದೋರೇ ಗೆದ್ದಂಗೆ, 2024ರಲ್ಲಿ ಲೇಬರ್ ಪಕ್ಷಕ್ಕೆ 33.7% ವೋಟಿಗೆ 650ರಲ್ಲಿ 411 ಸೀಟು, ರಿಫಾರ್ಮ್ ಪಕ್ಷಕ್ಕೆ 14.3% ಬಂದ್ರೂ ಬರೀ 5. ನನಗಿದು ನ್ಯಾಯ ಅನ್ಸಲ್ಲ.

ಬೂತಿಗೆ ಫೋಟೋ ಐಡಿ ಬೇಕೇ ಬೇಕು, ನಮ್ಮ ಇಂಡಿಯನ್ ಪಾಸ್‌ಪೋರ್ಟ್ ನಡೆಯುತ್ತೆ, ಯುಕೆ ಡ್ರೈವಿಂಗ್ ಲೈಸೆನ್ಸೂ ನಡೆಯುತ್ತೆ. ಫೋನಲ್ಲಿ ಈ-ವೀಸಾ ತೋರಿಸಿದ್ರೆ ನಡೆಯಲ್ಲ. ಪಾಸ್‌ಪೋರ್ಟ್ ರಿನ್ಯೂವಲ್‌ಗೆ ಕೊಟ್ಟು ಬೇರೇನೂ ಇಲ್ಲದಿದ್ರೆ ವೋಟರ್ ಅಥಾರಿಟಿ ಸರ್ಟಿಫಿಕೇಟ್ ಅಂತ ಫ್ರೀಯಾಗಿ ಕೊಡ್ತಾರೆ, ಅದಕ್ಕೂ ಮೊದಲೇ ಅರ್ಜಿ ಹಾಕಿರ್ಬೇಕು.

ಇನ್ನೊಂದು, ಗಂಡ ರಿಜಿಸ್ಟರ್ ಆದ್ರೆ ಹೆಂಡ್ತಿ ಹೆಸರು ತಾನಾಗೇ ಬರಲ್ಲ, ಇಲ್ಲಿ ಒಬ್ಬೊಬ್ಬರದ್ದೂ ಬೇರೆ ಬೇರೆ ಅರ್ಜಿ. ಡಿಪೆಂಡೆಂಟ್ ವೀಸಾದಲ್ಲಿ ಬಂದ ಎಷ್ಟೋ ಹೆಣ್ಮಕ್ಕಳು ಇದರಿಂದಾನೇ ಲಿಸ್ಟಲ್ಲಿಲ್ಲ, ಇವತ್ತೇ ಕೂತು ಇಬ್ಬರದ್ದೂ ಮುಗಿಸಿ.