ಊದುಗೊಳವೆ ಅಲ್ಲ, ಎಳನೀರು: ಶ್ವಾಸಕೋಶದ ಆಪರೇಷನ್ ಆದಮೇಲೆ ನಾನು ಕಲಿತದ್ದು

ಟಿಬಿಯಿಂದ ನನ್ನ ಬಲಗಡೆ ಶ್ವಾಸಕೋಶದ ಸುತ್ತ ಕೀವು ತುಂಬಿತ್ತು. ಅದು ಗಟ್ಟಿಯಾಗಿ ದಪ್ಪ ಪೊರೆ ಕಟ್ಟಿಕೊಂಡು ಶ್ವಾಸಕೋಶ ಹಿಗ್ಗಲಾರದೆ ಮುದುಡಿ ಕೂತಿತ್ತು. ಮಾತ್ರೆಗೆ ಕ್ರಿಮಿ ಸಾಯುತ್ತದೆ, ಈ ಪೊರೆ ಹೋಗುವುದಿಲ್ಲ ಅಂದರು ಡಾಕ್ಟರು. ಹಾಗಾಗಿ ಡೀಕಾರ್ಟಿಕೇಶನ್, ಅಂದರೆ ಎದೆ ತೆರೆದು ಪೊರೆ ಸುಲಿಯುವುದು. ಆಪರೇಷನ್ ಬಗ್ಗೆ ನಾನೇನು ಹೇಳಲಿ, ನಿದ್ದೆಯಲ್ಲಿದ್ದೆ. ಆದರೆ ಸುಲಿದ ಮಾತ್ರಕ್ಕೆ ಮುಗಿಯಲಿಲ್ಲ, ಮುದುಡಿದ್ದನ್ನು ಹಿಗ್ಗಿಸುವ ಕೆಲಸ ನಮ್ಮದೇ.

ಆಪರೇಷನ್ನಿನ ಹಿಂದಿನ ದಿನವೇ ಫಿಸಿಯೋ ಹುಡುಗಿ ಬಂದು ಮೂರು ಚೆಂಡಿನ ಸ್ಪೈರೋಮೀಟರ್, ಅಂದರೆ ಉಸಿರಿನ ವ್ಯಾಯಾಮದ ಸಾಧನ, ಕೈಗಿಟ್ಟಳು. ಒಲೆ ಊದಿ ಬೆಳೆದವಳು ನಾನು, ಪೈಪು ಬಾಯಿಗಿಟ್ಟು ಜೋರಾಗಿ ಊದಿಬಿಟ್ಟೆ. ಚೆಂಡು ಮಿಸುಕಲಿಲ್ಲ. "ಅಕ್ಕಾ, ಇದು ಊದುಗೊಳವೆ ಅಲ್ಲ, ಎಳನೀರು ಅಂದ್ಕೊಳಿ, ಹೀರಿ" ಅಂದಳು. ಆಮೇಲೆ ವಾರ್ಡಿನಲ್ಲಿ ನೋಡಿದರೆ ಊದುವವರೇ ಜಾಸ್ತಿ! ಅದರ ಮೇಲೆ 600, 900, 1200 ಅಂತ ಬರೆದಿರುತ್ತದೆ. ಸೆಕೆಂಡಿಗೆ ಎಷ್ಟು ಸಿಸಿ ಗಾಳಿ ಎಳೆದರೆ ಯಾವ ಚೆಂಡು ಏಳುತ್ತದೆ ಅನ್ನುವ ಲೆಕ್ಕ ಅದು. ಮೂರನ್ನೂ ಒಮ್ಮೆ ಗಬಕ್ಕನೆ ಹಾರಿಸಿ ಖುಷಿಪಡುವುದಕ್ಕಿಂತ, ನಿಧಾನವಾಗಿ ಎಳೆದು ಒಂದನ್ನೇ ಮೂರು ಸೆಕೆಂಡು ಮೇಲೆ ನಿಲ್ಲಿಸಿದರೆ ಗಾಳಿ ತಳದವರೆಗೆ ಹೋಗುತ್ತದೆ. ಎಚ್ಚರವಿದ್ದಾಗ ಗಂಟೆಗೆ ಹತ್ತು ಸಲ ಮಾಡಿದೆ. ತಲೆ ಸುತ್ತಿದರೆ ನಡುವೆ ನಿಲ್ಲಿಸುತ್ತಿದ್ದೆ.

ನಾನು ಎಡವಿದ್ದು ಕೆಮ್ಮಿನಲ್ಲಿ. ಎದೆಯೊಳಗಿನ ಗಾಳಿ, ನೀರು ಹೊರಬರಲು ಪಕ್ಕೆಯಲ್ಲಿ ಎರಡು ಪೈಪು, ಅವು ಸೇರುವ ನೀರಿನ ಬಾಟಲಿ ಕೆಳಗೆ, ಕೆಮ್ಮಿದರೆ ಹೊಲಿಗೆ ಕಿತ್ತೇ ಹೋಯಿತೇನೋ ಅನ್ನುವಷ್ಟು ನೋವು. ಕೆಮ್ಮು ಬಂದರೆ ನುಂಗಿಬಿಡುತ್ತಿದ್ದೆ. ಮೇಲಿಂದ ನಮ್ಮತ್ತೆ, "ನೋವಿನ ಮಾತ್ರೆ ಜಾಸ್ತಿ ನುಂಗ್ಬೇಡ ಕಣೇ" ಅಂದಿದ್ದಕ್ಕೆ ಅದನ್ನೂ ತಪ್ಪಿಸಿದೆ. ಮೂರನೇ ದಿನ ಜ್ವರ. ಎಕ್ಸ್‌ರೇಯಲ್ಲಿ ಕೆಳಭಾಗ ಬೆಳ್ಳಗೆ ಕಂಡಿತು, ಕಫ ಕಟ್ಟಿ ಅಲ್ಲಿಗೆ ಗಾಳಿಯೇ ಹೋಗುತ್ತಿರಲಿಲ್ಲ.

ಅವತ್ತಿನಿಂದ ಬುದ್ಧಿ ಬಂತು. ಬರೆದುಕೊಟ್ಟ ಮಾತ್ರೆ ನುಂಗುವುದು, ಅರ್ಧ ಗಂಟೆ ಬಿಟ್ಟು ಕೂರುವುದು, ದಿಂಬನ್ನು ಹೊಲಿಗೆಯ ಮೇಲೆ ಅಪ್ಪಿ ಒತ್ತಿಕೊಳ್ಳುವುದು, ಕನ್ನಡಕ ಒರೆಸುವ ಮುಂಚೆ ಹಬೆ ಬಿಡುತ್ತೇವಲ್ಲ ಹಾಗೆ ಬಾಯಿ ತೆರೆದು "ಹಾ... ಹಾ..." ಅನ್ನುವುದು, ಕಫ ಮೇಲೆ ಬಂದಾಗ ಮಾತ್ರ ಒಂದೇ ಒಂದು ಗಟ್ಟಿ ಕೆಮ್ಮು. ಸುಮ್ನೆ ಹತ್ತು ಸಲ ಕೆಮ್ಮಿ ಸುಸ್ತಾಗುವುದಕ್ಕಿಂತ ಇದು ಎಷ್ಟೋ ವಾಸಿ. ಬಾಟಲಿ ಹಿಡಿದುಕೊಂಡೇ ವರಾಂಡದಲ್ಲಿ ನಡೆದೆ. ಬಾಟಲಿ ಯಾವಾಗಲೂ ಎದೆಗಿಂತ ಕೆಳಗೇ ಇರಬೇಕು, ಮೇಲೆತ್ತಿದರೆ ನೀರು ವಾಪಸ್ ಎದೆಗೆ ಹೋದೀತು. ಕೆಮ್ಮಿದಾಗ ಬಾಟಲಿಯಲ್ಲಿ ಗುಳ್ಳೆ ಬರುವುದು ನಿಂತು ಎಂಟನೇ ದಿನ ಪೈಪು ತೆಗೆದರು.

ಭುಜದ ವಿಷಯ ನನಗೆ ಮೊದಲು ತಲೆಗೇ ಹೋಗಿರಲಿಲ್ಲ. ಆಪರೇಷನ್ ಎದೆಗೆ ತಾನೇ? ಆದರೆ ಕೊಯ್ಯುವುದು ಬೆನ್ನಿನ ಕಡೆಯಿಂದ, ತೋಳನ್ನು ಎಳೆಯುವ ಸ್ನಾಯು ದಾಟಿಕೊಂಡು. ನೋವಿಗೆ ಹೆದರಿ ಕೈಯನ್ನು ಮೈಗೆ ಅಂಟಿಸಿಕೊಂಡಿದ್ದಕ್ಕೆ ಮನೆಗೆ ಬಂದಾಗ ಜಡೆ ಹೆಣೆದುಕೊಳ್ಳಲೂ ಆಗಲಿಲ್ಲ, ಮಗಳೇ ಹೆಣೆದಳು. ಅಡುಗೆಮನೆ ಗೋಡೆಯ ಮೇಲೆ ಬೆರಳುಗಳನ್ನು ಹಲ್ಲಿಯ ಹಾಗೆ ಹತ್ತಿಸುತ್ತಾ, ಮುಟ್ಟಿದ ಕಡೆ ಪೆನ್ಸಿಲ್ ಗೆರೆ ಎಳೆದೆ. ಕೆಲವು ದಿನ ಗೆರೆ ಕೆಳಗೂ ಬಂದಿದೆ. ಆರನೇ ವಾರಕ್ಕೆ ಒಣಗಹಾಕುವ ಹಗ್ಗ ಕೈಗೆ ಸಿಕ್ಕಿತು.

ಮೆಟ್ಟಿಲಿನದು ಬೇಗ ಒಗ್ಗಿತು. ನಿಂತು ಉಸಿರು ಎಳೆದು, ಹತ್ತುವಾಗ ಕಾಫಿ ಆರಿಸುವ ಹಾಗೆ ತುಟಿ ಚೂಪು ಮಾಡಿ ಬಿಡುವುದು, ಅಷ್ಟೇ. ತುಂಬಿದ ಬಿಂದಿಗೆ ಮಾತ್ರ ಡಾಕ್ಟರು ಹೇಳುವವರೆಗೆ ಎತ್ತಲಿಲ್ಲ.

ಎದೆಯ ಬಲಗಡೆ ಕೆಳಗೆ ಒಂದಿಷ್ಟು ಜಾಗ ಇನ್ನೂ ಜೋಮು ಹಿಡಿದ ಹಾಗಿದೆ. ಪಕ್ಕೆಲುಬಿನ ನಡುವಿನ ನರದ್ದಂತೆ. ಹೋದ ವಾರ ನಾಲ್ಕು ಜನಕ್ಕಾಗುವಷ್ಟು ಮುದ್ದೆ ತಿರುವಿದೆ, ನಡುವೆ ಒಂದೇ ಸಲ ನಿಂತೆ.